ಹಳೆಯ ಬೋರ್ಡಿನ ಮೇಲೆ ಹೊಸ ಪ್ರೊಸೆಸರ್: ರೈಜೆನ್ 2600ರಿಂದ 5700ಎಕ್ಸ್3ಡಿಗೆ

ಮೊದಲು ಯಂತ್ರದ ಜಾತಕ. ಎಎಂಡಿ ಕಂಪನಿಯ ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿಯ ಒಂದೇ ಒಂದು ಡಿಡಿಆರ್4 ಮೆಮೊರಿ ಸ್ಟಿಕ್, ವಿದ್ಯುತ್ ಕೊಡುವ 550 ವಾಟ್ ಎಸ್‌ಎಂಪಿಎಸ್. 2019ರಲ್ಲಿ ಅಕ್ಕನ ಮಗನಿಗೆ ನಾನೇ ಜೋಡಿಸಿಕೊಟ್ಟದ್ದು. ಆಗ ಇದ್ದ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ನಡುವೆ ಬದಲಾಗಿ 12 ಜಿಬಿಯ ಆರ್‌ಟಿಎಕ್ಸ್ 3060 ಬಂದಿದೆ. ಮಾನಿಟರ್ 1080ಪಿ ರೆಸಲ್ಯೂಶನ್, 144 ಹರ್ಟ್ಸ್ (ಸೆಕೆಂಡಿಗೆ 144 ಚಿತ್ರ). ಊರು ಕಲಬುರಗಿ. ಊರಿನ ಹೆಸರನ್ನು ಸುಮ್ಮನೆ ಹೇಳುತ್ತಿಲ್ಲ. ಏಪ್ರಿಲ್ ಬಂತೆಂದರೆ ಇಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಕೋಣೆಯೊಳಗೆ 36–37. ಆ ಲೆಕ್ಕ ಮುಂದೆ ಬೇಕಾಗುತ್ತದೆ.

ಹುಡುಗನ ಬೇಡಿಕೆ ಹೊಸ ಗ್ರಾಫಿಕ್ಸ್ ಕಾರ್ಡ್. "ಮಾವ, ಕಾರ್ಡಿಗೆ ವಯಸ್ಸಾಯಿತು. ಬಾಲ್ಡರ್ಸ್ ಗೇಟ್ 3ರಲ್ಲಿ ಪಟ್ಟಣದೊಳಗೆ ಕಾಲಿಟ್ಟರೆ ಆಟ ತಡವರಿಸುತ್ತದೆ" ಎಂದ. ಕಾರ್ಡಿಗೆ ಮೂವತ್ತೈದು ಸಾವಿರ ಎತ್ತಿಡಲು ಅವರಪ್ಪ ಒಪ್ಪಿಯೂ ಆಗಿತ್ತು. ಒಪ್ಪಿಗೆಯಾದ ದುಡ್ಡನ್ನು ತಡೆಹಿಡಿಯುವುದು ಮನೆಯೊಳಗೆ ಒಳ್ಳೆಯ ಹೆಸರು ತರುವ ಕೆಲಸವಲ್ಲ. ಆದರೂ ಅಳೆದು ನೋಡದೆ ಖರೀದಿ ಬೇಡವೆಂದೆ. ಕೆಲಸ ನಡೆದದ್ದು 2025ರ ಏಪ್ರಿಲ್–ಮೇ ತಿಂಗಳಲ್ಲಿ.

1. ತಪ್ಪು ಯಾರದು ಎಂದು ಅಳೆದದ್ದು

ಸಾಧನ: ಕ್ಯಾಪ್‌ಫ್ರೇಮ್‌ಎಕ್ಸ್ ಎಂಬ ಉಚಿತ ತಂತ್ರಾಂಶ. ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮ್ (ಪರದೆಯ ಮೇಲೆ ಮೂಡುವ ಚಿತ್ರ) ಎಂದು ಇಂಥ ತಂತ್ರಾಂಶಗಳೆಲ್ಲವೂ ತೋರಿಸುತ್ತವೆ. ನನಗೆ ಬೇಕಿದ್ದದ್ದು ಅತಿ ನಿಧಾನವಾದ ಶೇ 1ರಷ್ಟು ಫ್ರೇಮ್‌ಗಳ ವೇಗ. ಕಣ್ಣಿಗೆ ತಡವರಿಕೆಯಾಗಿ ಕಾಣುವುದು ಅದೇ. ಪರೀಕ್ಷೆಗೆ ಆಯ್ದುಕೊಂಡ ಜಾಗ ಬಾಲ್ಡರ್ಸ್ ಗೇಟ್ 3ರ ಮೂರನೆಯ ಅಂಕದ ಕೆಳಪೇಟೆ. ನೂರಾರು ಪಾತ್ರಗಳು ಒಟ್ಟಿಗೆ ಓಡಾಡುವ ಈ ಜಾಗ ಪ್ರೊಸೆಸರನ್ನು ಹಿಂಡಿ ಹಾಕುತ್ತದೆಂದು 2023ರಲ್ಲಿ ಆಟ ಬಿಡುಗಡೆಯಾದಾಗಿನಿಂದಲೂ ಪ್ರಸಿದ್ಧ. ಒಂದೇ ಬೀದಿ, ಒಂದೇ ದಿಕ್ಕು, ಒಂದು ನಿಮಿಷದ ನಡಿಗೆ.

1080ಪಿಯಲ್ಲಿ ಸರಾಸರಿ ಸುಮಾರು 44, ಶೇ 1ರ ಕನಿಷ್ಠ 29. ಗ್ರಾಫಿಕ್ಸ್ ಕಾರ್ಡ್ ಶೇ 60ರಷ್ಟು ಮಾತ್ರ ಕೆಲಸ ಮಾಡುತ್ತಿತ್ತು. ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು. ಉಳಿದ ಅರ್ಧಕ್ಕೆ ರೆಸಲ್ಯೂಶನ್ ಅನ್ನು 720ಪಿಗೆ ಇಳಿಸಿ, ನೆರಳು, ಪ್ರತಿಫಲನಗಳನ್ನೆಲ್ಲ ಕಡಿಮೆ ಮಾಡಿ ಮತ್ತೆ ಅದೇ ಬೀದಿಯಲ್ಲಿ ನಡೆಸಿದೆ. ಕಾರ್ಡಿನ ಹೊರೆ ಅರ್ಧಕ್ಕರ್ಧ ಇಳಿಯಿತು, ಆಟದ ವೇಗ ಏರಿದ್ದು 46ಕ್ಕೆ.

ಈ 46 ಎಂಬ ಅಂಕಿಯೇ ಇಡೀ ಕೆಲಸದ ಮೂಲ. ಈಗಿರುವ ಮೆಮೊರಿಯೊಂದಿಗೆ ಅದು 2600ರ ಮಾಳಿಗೆ, ಅಂದರೆ ಗರಿಷ್ಠ ಮಿತಿ. ಆ ಬೀದಿಯಲ್ಲಿ ಲಕ್ಷ ರೂಪಾಯಿಯ ಕಾರ್ಡ್ ಹಾಕಿದರೂ 46ರ ಮೇಲೆ ಹೋಗುವುದಿಲ್ಲ. 720ಪಿಯಲ್ಲಿ ಯಾರೂ ಆಡುವುದಿಲ್ಲ, ಆ ಪರೀಕ್ಷೆಯಿಂದ ಏನು ಉಪಯೋಗ ಎಂದು ಕೇಳುವವರು ಬಹಳ. ಇವತ್ತು ರೆಸಲ್ಯೂಶನ್ ಇಳಿಸಿ ಕಾರ್ಡಿನ ಹೊರೆ ಕಳಚಿದಾಗ ಸಿಗುವ ವೇಗವೇ, ಮೂರು ವರ್ಷದ ನಂತರ ಬಲವಾದ ಕಾರ್ಡ್ ಹಾಕಿದಾಗ ಈ ಪ್ರೊಸೆಸರ್ ಕೊಡಬಹುದಾದ ವೇಗದ ಮಿತಿ. ಮುಂದಿನ ಕಾಲಕ್ಕೆ ಪ್ರೊಸೆಸರ್ ಕೊಳ್ಳುವವನು ಈ ಅಂಕಿ ನೋಡಬೇಕು. ಡಬ್ಬಿಯ ಮೇಲಿನ ಗಿಗಾಹರ್ಟ್ಸ್ ಅಲ್ಲ.

ಹುಡುಗನಿಗೆ ಪರದೆಯ ಮೇಲೆ ಎರಡೂ ಅಂಕಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಎರಡನ್ನೂ ಕೊಳ್ಳೋಣ" ಎಂದ.

2. ಕಡಿಮೆ ಖರ್ಚಿನ ಪ್ರಯತ್ನ: ಮೆಮೊರಿ

ಒಂದೇ ಸ್ಟಿಕ್ ಇದ್ದರೆ ಮೆಮೊರಿಯ ಎರಡು ದಾರಿಗಳಲ್ಲಿ ಒಂದು ಮಾತ್ರ ತೆರೆದಿರುತ್ತದೆ. 2019ರಲ್ಲಿ "ಮುಂದೆ ಇನ್ನೊಂದು ಹಾಕಿದರಾಯಿತು" ಎಂದು ಬಿಟ್ಟದ್ದು ಹಾಗೆಯೇ ಉಳಿದಿತ್ತು. 16 ಜಿಬಿಯ ಎರಡು ಸ್ಟಿಕ್‌ಗಳ ಒಂದು ಜೋಡಿ ತಂದೆ, 3200 ವೇಗದ್ದು, 5,300 ರೂಪಾಯಿ. ಪ್ರೊಸೆಸರಿನಿಂದ ಲೆಕ್ಕ ಹಾಕಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿ ಕೂರಿಸಿದೆ. ಒಂದು–ಎರಡರಲ್ಲಿ ಹಾಕಿದರೆ ಮತ್ತೆ ಒಂದೇ ದಾರಿ.

ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್) ಚಾಲೂ ಮಾಡಿ 3200ಕ್ಕೆ ಇಟ್ಟರೆ ಯಂತ್ರ ಏಳಲಿಲ್ಲ. ಕೆಂಪು ದೀಪ, ಕಪ್ಪು ಪರದೆ. ಸಿಮೋಸ್ (ಬೋರ್ಡಿನಲ್ಲಿ ಉಳಿಸಿದ ಸೆಟ್ಟಿಂಗ್‌ಗಳು) ಅಳಿಸಿ 3000ಕ್ಕೆ ಇಟ್ಟಾಗ ವಿಂಡೋಸ್ ತನಕ ಬಂದು ಬಿತ್ತು. 2600ಕ್ಕೆ ಎಎಂಡಿ ಅಧಿಕೃತವಾಗಿ ಒಪ್ಪಿರುವುದೇ 2933. ಅಲ್ಲಿಗಿಳಿಸಿದ ಮೇಲೆ ನಿಂತಿತು. ಕೆಳಪೇಟೆಯಲ್ಲಿ ಸರಾಸರಿ 48, ಕನಿಷ್ಠ 34. ಕನಿಷ್ಠದಲ್ಲಿ ಐದು ಫ್ರೇಮ್ ಹೆಚ್ಚಿದ್ದು ಕಣ್ಣಿಗೆ ಗೊತ್ತಾಗುತ್ತಿತ್ತು, ಆದರೆ ಸಾಲದು. ಪ್ರೊಸೆಸರ್ ಬದಲಿಸಲೇಬೇಕು.

3. ಯಾವ ಪ್ರೊಸೆಸರ್

ಹೆಚ್ಚು ಸಮಯ ಹಿಡಿದ ಹಂತ ಇದು. ಬರೆದಿಟ್ಟುಕೊಂಡ ಪ್ರಶ್ನೆಗಳು ಮೂರೇ: ಎಷ್ಟು ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ಬೇಕು, ಎಷ್ಟು ಕ್ಯಾಶ್ ಮೆಮೊರಿ (ಪ್ರೊಸೆಸರಿನೊಳಗೇ ಇರುವ ಸಣ್ಣ, ವೇಗದ ಮೆಮೊರಿ) ಬೇಕು, ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಬದಲಿಸಬೇಕೇ.

ಕೋರ್‌ಗಳ ವಿಷಯಕ್ಕೆ ಆಟದ ಕನ್ಸೋಲ್‌ಗಳನ್ನು ನೋಡಬೇಕು. 2020ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಇರುವುದು ಎಎಂಡಿಯ ಝೆನ್ 2 ವಿನ್ಯಾಸದ 8 ಕೋರ್, 16 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲುಗಳು). 2024ರ ಪ್ಲೇಸ್ಟೇಷನ್ 5 ಪ್ರೊ ಕೂಡ ಅದೇ 8 ಕೋರ್‌ಗಳನ್ನೇ ಉಳಿಸಿಕೊಂಡಿತು. ದೊಡ್ಡ ಆಟಗಳನ್ನು ಮಾಡುವವರು ಈ ಕನ್ಸೋಲ್‌ಗಳ ಅಳತೆಗೇ ಬಟ್ಟೆ ಹೊಲಿಯುತ್ತಾರೆ. ಆದ್ದರಿಂದ ಆಟಕ್ಕೆ 12, 16 ಕೋರ್‌ಗಳಿಗೆ ದುಡ್ಡು ಸುರಿಯುವುದು ವ್ಯರ್ಥ. 8 ಇದ್ದರೆ ಸಾಕು, 6 ಇದ್ದರೆ ಇವತ್ತಿಗೆ ನಡೆಯುತ್ತದೆ. ಇನ್ನೂ ಕಡಿಮೆಗೆ ಹೋದರೆ ಏನಾಗುತ್ತದೆಂದು ಗೆಳೆಯನೊಬ್ಬನ ಯಂತ್ರದಲ್ಲಿ ಕಂಡಿದ್ದೇನೆ. 2017ರ ಜನವರಿಯ ಕೋರ್ ಐ5 7600ಕೆ: 4 ಕೋರ್, 4 ಥ್ರೆಡ್. ಆ ವರ್ಷದ ಆಟಗಳ ಸರಾಸರಿಯಲ್ಲಿ ಅದು ಅದೇ ವರ್ಷದ 6 ಕೋರ್‌ನ ರೈಜೆನ್ 5 1600ಕ್ಕಿಂತ ಮುಂದಿತ್ತು. ಕೆಲವು ವರ್ಷ ಕಳೆಯುವಷ್ಟರಲ್ಲಿ ಹೊಸ ಆಟಗಳಲ್ಲಿ ಅದು ಉಸಿರುಗಟ್ಟತೊಡಗಿತು, 1600 ಇನ್ನೂ ಓಡುತ್ತಿತ್ತು. ಅವನ ಗೋಳು ಅಷ್ಟಕ್ಕೇ ಮುಗಿಯಲಿಲ್ಲ: 2017ರ ಅಕ್ಟೋಬರಿನಲ್ಲಿ ಇಂಟೆಲ್ 6 ಕೋರ್‌ನ ಐ5 8400 ತಂದಿತು, ಸಾಕೆಟ್ಟಿನ ಹೆಸರು ಅದೇ 1151, ಆದರೆ ಅವನ ಬೋರ್ಡಿನಲ್ಲಿ ಅದು ಓಡುವಂತಿರಲಿಲ್ಲ.

ನಮ್ಮ ಬಿ450ರ ಅದೃಷ್ಟ ಬೇರೆ. ಅದು 2018ರ ಬೋರ್ಡ್. 2020ರ ಮೇ ತಿಂಗಳಲ್ಲಿ ಎಎಂಡಿಯೂ ಇದಕ್ಕೆ ಮುಂದಿನ ಝೆನ್ 3 ವಿನ್ಯಾಸದ ಪ್ರೊಸೆಸರ್‌ಗಳು ಬರುವುದಿಲ್ಲವೆಂದಿತ್ತು. ಕೊಂಡವರು ಗಲಾಟೆ ಮಾಡಿದ ಮೇಲೆ ಅದೇ ತಿಂಗಳಲ್ಲಿ ಮಾತು ಬದಲಿಸಿತು. ಆ ಗಲಾಟೆ ಮಾಡಿದವರಿಗೆ ನಾನು ಋಣಿ.

ಹಾಗಾಗಿ ಅದೇ ಎಎಂ4 ಸಾಕೆಟ್ಟಿನಲ್ಲಿ ಉಳಿದರೆ ಆಗ ಇದ್ದ ಆಯ್ಕೆಗಳು: ರೈಜೆನ್ 5 5600, ರೈಜೆನ್ 7 5700ಎಕ್ಸ್, ರೈಜೆನ್ 7 5700ಎಕ್ಸ್3ಡಿ. 2022ರ ಏಪ್ರಿಲ್‌ನ 5800ಎಕ್ಸ್3ಡಿ ಇವೆಲ್ಲಕ್ಕಿಂತ ಚುರುಕು, ಆದರೆ ಹೊಸದಾಗಿ ನ್ಯಾಯವಾದ ಬೆಲೆಗೆ ಎಲ್ಲೂ ಕಾಣಲಿಲ್ಲ. 2024ರ ಜನವರಿಯಲ್ಲಿ ಬಂದ 5700ಎಕ್ಸ್3ಡಿ ಅದರ ನಿಧಾನವಾದ ತಮ್ಮ: 8 ಕೋರ್, 16 ಥ್ರೆಡ್, ಮೂಲ ವೇಗ 3.0 ಗಿಗಾಹರ್ಟ್ಸ್, ಗರಿಷ್ಠ 4.1. ಕಾಗದದ ಮೇಲೆ 4.6ರ ತನಕ ಏರುವ 5700ಎಕ್ಸ್ ಮುಂದಿದೆ. ಆದರೆ 5700ಎಕ್ಸ್‌ನ ಎಲ್3 ಕ್ಯಾಶ್ 32 ಎಂಬಿ, ಎಕ್ಸ್3ಡಿಯದು 96 ಎಂಬಿ. ಕೆಳಪೇಟೆಯಂಥ ಜಾಗದಲ್ಲಿ ಪ್ರೊಸೆಸರ್ ಸಮಯ ಕಳೆಯುವುದೇ ಮೆಮೊರಿಯಿಂದ ದತ್ತಾಂಶ ಬರಲೆಂದು ಕಾಯುತ್ತಾ. ಆ ಕಾಯುವಿಕೆಯನ್ನು ಕ್ಯಾಶ್ ತಪ್ಪಿಸುತ್ತದೆ, ಗಿಗಾಹರ್ಟ್ಸ್ ತಪ್ಪಿಸುವುದಿಲ್ಲ. ವಿಡಿಯೊ ಎಡಿಟಿಂಗ್ ಮುಖ್ಯವಾಗಿದ್ದರೆ ನಾನೇ 5700ಎಕ್ಸ್ ತೆಗೆದುಕೊಳ್ಳುತ್ತಿದ್ದೆ.

ಸಾಕೆಟ್ ಬದಲಿಸುವ ಲೆಕ್ಕವನ್ನೂ ಹಾಕಿದೆ. ಎಎಂಡಿಯ ಹೊಸ ಸಾಕೆಟ್ಟಾದ ಎಎಂ5ಗೆ ಹೋಗಲು ರೈಜೆನ್ 5 7600, ಬಿ650 ಬೋರ್ಡ್, 32 ಜಿಬಿ ಡಿಡಿಆರ್5 ಸೇರಿ ನನಗೆ ಸಿಕ್ಕ ಬೆಲೆ ನಲವತ್ತು ಸಾವಿರದ ಆಸುಪಾಸು. ಹೊಸದಾಗಿ ಜೋಡಿಸುವವರಿಗೆ ಇದೇ ಸರಿಯಾದ ದಾರಿ: ಎಎಂ5 ಸಾಕೆಟ್ಟಿಗೆ ಕನಿಷ್ಠ 2027ರ ತನಕ ಬೆಂಬಲ ಎಂದು ಎಎಂಡಿ ಹೇಳಿದೆ, 7800ಎಕ್ಸ್3ಡಿ, 9800ಎಕ್ಸ್3ಡಿ ಎರಡೂ ಅದರಲ್ಲೇ ಕೂರುತ್ತವೆ. ಹಳೆಯ ಬೋರ್ಡ್, ಹಳೆಯ ಮೆಮೊರಿ ಕೈಯಲ್ಲಿರುವವನಿಗೆ ಅಲ್ಲ. ಹಳೆಯ ಡಿಡಿಆರ್4 ಇಟ್ಟುಕೊಂಡು ಇಂಟೆಲ್ ಐ5 12400ಎಫ್‌ಗೆ ಹೋಗುವುದು ಇನ್ನೊಂದು ಪ್ರಾಮಾಣಿಕ ದಾರಿ. ಬೋರ್ಡ್ ಸೇರಿ ಆಗ ಇಪ್ಪತ್ತು ಸಾವಿರ. ಅದು 6 ಕೋರ್. ಅದೇ ಬೋರ್ಡಿನಲ್ಲಿ ಮುಂದೆ 13 ಅಥವಾ 14ನೇ ಪೀಳಿಗೆಗೆ ಏರಬಹುದಿತ್ತು, ಆದರೆ ಆ ಎರಡು ಪೀಳಿಗೆಗಳ ದೊಡ್ಡ ಪ್ರೊಸೆಸರ್‌ಗಳು ವೋಲ್ಟೇಜ್ ದೋಷದಿಂದ ಅಸ್ಥಿರವಾಗುತ್ತಿವೆ ಎಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡು, ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ತಂತ್ರಾಂಶ) ತಿದ್ದುಪಡಿ ಕೊಟ್ಟು ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತ್ತು. ತಿದ್ದುಪಡಿ ಬಂದಿದೆ, ನಿಜ. ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಅಂಥದ್ದನ್ನು ಮುಂದೊಂದು ದಿನ ಹುಡುಕಲು ನನಗೆ ಧೈರ್ಯವಿರಲಿಲ್ಲ.

5700ಎಕ್ಸ್3ಡಿ ಎಂದು ತೀರ್ಮಾನವಾಯಿತು. ಈ ಸಾಕೆಟ್ಟಿಗೆ ಇದೇ ಕೊನೆಯ ನಿಲ್ದಾಣ ಎಂಬುದು ಗೊತ್ತಿದ್ದೇ ಮಾಡಿದ ತೀರ್ಮಾನ.

4. ಎಸ್.ಪಿ. ರಸ್ತೆ

ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಅಲ್ಲಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಗೆ ಹೋದೆ. ಅಲ್ಲಿ ಎಚ್ಚರಿಕೆಯಿಂದ ನೋಡಬೇಕಾದ್ದು ಬೆಲೆಗಿಂತ ಹೆಸರು. ಮೊದಲ ಅಂಗಡಿಯವರು, "5700 ಇದೆ ಸರ್, ಇನ್ನೂ ಕಡಿಮೆಗೆ ಕೊಡುತ್ತೇನೆ, ಎರಡೂ ಒಂದೇ" ಎಂದರು. ಒಂದೇ ಅಲ್ಲ. ಹಿಂದೆ ಯಾವ ಅಕ್ಷರವೂ ಇಲ್ಲದ ರೈಜೆನ್ 7 5700 ಬೇರೆಯೇ ತುಂಡು: ಎಲ್3 ಕ್ಯಾಶ್ 16 ಎಂಬಿ ಮಾತ್ರ. 5700ಎಕ್ಸ್‌ನಲ್ಲಿ 32, 5700ಎಕ್ಸ್3ಡಿಯಲ್ಲಿ 96. ಮೂರಕ್ಕೂ 8 ಕೋರ್, ಹೆಸರಿನಲ್ಲಿ ಒಂದೆರಡು ಅಕ್ಷರಗಳ ವ್ಯತ್ಯಾಸ. 5500 ಮತ್ತು 5600ರ ನಡುವೆಯೂ ಇದೇ ಕಥೆ, 16 ಮತ್ತು 32. ಕಡಿಮೆ ಬೆಲೆಯ ಆಸೆಗೆ 5500 ಕೊಳ್ಳುವವರು ಇನ್ನೂ ಸ್ವಲ್ಪ ಸೇರಿಸಿ 5600 ಕೊಂಡರೆ ಒಳ್ಳೆಯದು.

ಇನ್ನೊಂದು ಅಂಗಡಿಯಲ್ಲಿ ಎಕ್ಸ್3ಡಿಯೇ ಇತ್ತು, ಡಬ್ಬಿಯಿಲ್ಲದ ಟ್ರೇ ಪೀಸ್, ಬೆಲೆ ಎರಡೂವರೆ ಸಾವಿರ ಕಡಿಮೆ. ವಾರಂಟಿ ಅಂಗಡಿಯವರದು, ಒಂದು ವರ್ಷ. ಡಬ್ಬಿಯಲ್ಲಿ ಬಂದದ್ದಕ್ಕೆ ತಯಾರಕರದೇ ಮೂರು ವರ್ಷ. ಹಲವು ವರ್ಷ ಓಡಲೆಂದು ಕೊಳ್ಳುವ ವಸ್ತುವಿಗೆ ಅಲ್ಲಿ ಉಳಿಸುವುದರಲ್ಲಿ ಅರ್ಥವಿಲ್ಲ. ಡಬ್ಬಿಯದನ್ನೇ ಜಿಎಸ್‌ಟಿ ಬಿಲ್ ಸಮೇತ 20,800ಕ್ಕೆ ತಂದೆ. ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ. ಹಳೆಯದರಲ್ಲೇ ನಡೆಸೋಣ ಎಂದುಕೊಂಡು ಹೊಸ ಕೂಲರ್ ಕೊಳ್ಳದೆ ರೈಲು ಹತ್ತಿದೆ. ಇದರ ಫಲ 8ನೇ ಹಂತದಲ್ಲಿದೆ.

5. ಬಯೋಸ್

ಹೊಸ ಪ್ರೊಸೆಸರ್ ಕೂರಿಸುವ ಮೊದಲೇ, ಹಳೆಯದು ಒಳಗಿರುವಾಗಲೇ ಮಾಡಬೇಕಾದ ಕೆಲಸ. ಬೋರ್ಡಿನಲ್ಲಿದ್ದ ಬಯೋಸ್ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) 2019ರದು. 5700ಎಕ್ಸ್3ಡಿಯ ಗುರುತೇ ಅದಕ್ಕಿಲ್ಲ. ತಯಾರಕರ ಜಾಲತಾಣದಲ್ಲಿ ಬೋರ್ಡಿನ ಪೂರ್ತಿ ಹೆಸರು ಮತ್ತು ಅದರ ಮೇಲೆ ಮುದ್ರಿಸಿದ ರಿವಿಷನ್ ಸಂಖ್ಯೆ ಎರಡನ್ನೂ ಹೊಂದಿಸಿ, ಪ್ರೊಸೆಸರ್ ಪಟ್ಟಿಯಲ್ಲಿ ಯಾವ ಆವೃತ್ತಿಯಿಂದ ಬೆಂಬಲ ಎಂದು ನೋಡಿದೆ. ಅಷ್ಟು ಹಳೆಯದರಿಂದ ನೇರವಾಗಿ ಹೊಸದಕ್ಕೆ ಹಾರಬಾರದು, ನಡುವಿನ ಒಂದು ಆವೃತ್ತಿ ಮೊದಲು ಹಾಕಿ ಎಂಬ ಟಿಪ್ಪಣಿ ಪುಟದ ಕೆಳಗೆ ಸಣ್ಣಕ್ಷರದಲ್ಲಿತ್ತು.

64 ಜಿಬಿಯ ಪೆನ್‌ಡ್ರೈವ್‌ಗೆ ಕಡತ ಹಾಕಿ ಚುಚ್ಚಿದರೆ ಬಯೋಸ್‌ಗೆ ಕಾಣಲೇ ಇಲ್ಲ. ಅದು ಎಕ್ಸ್‌ಫ್ಯಾಟ್ ಮಾದರಿಯಲ್ಲಿತ್ತು. ಮೂಲೆಯಲ್ಲಿ ಬಿದ್ದಿದ್ದ 8 ಜಿಬಿಯದನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಹಾಕಿದಾಗ ತಕ್ಷಣ ಕಂಡಿತು. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು, ಆದ್ದರಿಂದ ಯುಪಿಎಸ್ ಪೂರ್ತಿ ಚಾರ್ಜ್ ಆದ ಮೇಲೆಯೇ ಶುರುಮಾಡಿದೆ. ನಡುವಿನ ಆವೃತ್ತಿ, ಆಮೇಲೆ ಹೊಸದು. ತಲಾ ಐದು ನಿಮಿಷದೊಳಗೆ ಮುಗಿಯಿತು. ಹಳೆಯ ಸೆಟ್ಟಿಂಗ್‌ಗಳೆಲ್ಲ ಅಳಿಸಿಹೋಗುತ್ತವೆ: ಮೆಮೊರಿ 2133ಕ್ಕೆ ಇಳಿದಿರುತ್ತದೆ, ಫ್ಯಾನ್ ವೇಗ ಮೊದಲಿನಂತಾಗಿರುತ್ತದೆ. ಮೊದಲೇ ಮೊಬೈಲ್‌ನಲ್ಲಿ ಪುಟಗಳ ಫೋಟೊ ತೆಗೆದಿಟ್ಟಿದ್ದು ಉಪಯೋಗಕ್ಕೆ ಬಂತು.

ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಕೀಲಿಯನ್ನೂ ಇದೇ ಹೊತ್ತಿನಲ್ಲಿ ಕಾಗದದ ಮೇಲೆ ಬರೆದುಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದೆ. ಪ್ರೊಸೆಸರ್ ಬದಲಾದರೆ ಅದರೊಳಗಿನ ಟಿಪಿಎಂ (ಆ ಬೀಗದ ಗುಟ್ಟು ಕಾಪಾಡುವ ಭಾಗ) ಕೂಡ ಬದಲಾಗುತ್ತದೆ. ಕೀಲಿ ಇಲ್ಲದಿದ್ದರೆ ಡಿಸ್ಕ್ ತೆರೆಯುವುದಿಲ್ಲ.

6. ಹಳೆಯದನ್ನು ತೆಗೆದದ್ದು

ಬೇಕಾದ ಸಾಮಾನು: ಉದ್ದನೆಯ ಫಿಲಿಪ್ಸ್ ಸ್ಕ್ರೂಡ್ರೈವರ್, ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ, ಥರ್ಮಲ್ ಪೇಸ್ಟ್. ಕೊನೆಯೆರಡಕ್ಕೆ ಮತ್ತು ಆಲ್ಕೊಹಾಲ್‌ಗೆ ಸೇರಿ 550 ರೂಪಾಯಿ.

ಎಎಂ4ರಲ್ಲಿ ಪಿನ್‌ಗಳಿರುವುದು ಪ್ರೊಸೆಸರಿನ ಹೊಟ್ಟೆಯ ಮೇಲೆ, 1331. ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರ್ ಸಾಕೆಟ್ಟಿನ ಹಿಡಿತವನ್ನೂ ಬಿಡಿಸಿಕೊಂಡು ಜೊತೆಗೇ ಬರುತ್ತದೆ. ಅದಕ್ಕೇ ಮೊದಲು ಹತ್ತು–ಹದಿನೈದು ನಿಮಿಷ ಯಂತ್ರಕ್ಕೆ ಹೊರೆ ಕೊಟ್ಟು ಪೇಸ್ಟನ್ನು ಬಿಸಿ ಮಾಡಿ, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಬೇಕು. ಇದೆಲ್ಲ ನನಗೆ ಗೊತ್ತಿತ್ತು. ಬಿಸಿಯನ್ನೂ ಮಾಡಿದೆ. ಆದರೆ ಬಿಸಿ ಮಾಡಿದ ಮೇಲೆ ಊಟಕ್ಕೆ ಕರೆದರು.

ಊಟ ಮುಗಿಸಿ ಬಂದು ತಿರುಚಿದಾಗ ಕೂಲರ್ ಅಲುಗಿದಂತೆ ಕಂಡಿತು, ಎತ್ತಿದೆ, ಟಕ್ ಎಂದು ಪ್ರೊಸೆಸರ್ ಸಮೇತ ಕೈಗೆ ಬಂತು. ಮೂಲೆಯ ಒಂದು ಸಾಲಿನಲ್ಲಿ ನಾಲ್ಕೈದು ಪಿನ್ ಬಾಗಿದ್ದವು. 2600 ಅಕ್ಕನ ಮನೆಯ ಇನ್ನೊಂದು ಕಂಪ್ಯೂಟರಿಗೆ ಹೋಗಬೇಕಿದ್ದ ವಸ್ತು, ಎಸೆಯುವಂತಿರಲಿಲ್ಲ. ಸೀಸ ತೆಗೆದ 0.5 ಮಿಲಿಮೀಟರ್ ಮೆಕ್ಯಾನಿಕಲ್ ಪೆನ್ಸಿಲ್ಲಿನ ಮೂತಿಯೊಳಗೆ ಪಿನ್ ಸರಿಯಾಗಿ ಕೂರುತ್ತದೆ. ಭೂತಗನ್ನಡಿ ಹಿಡಿದು, ಒಂದೊಂದಾಗಿ, ಸ್ವಲ್ಪ ಸ್ವಲ್ಪವೇ ನೇರ ಮಾಡಿದೆ. ಒಂದೇ ಏಟಿಗೆ ನೆಟ್ಟಗೆ ಮಾಡಲು ಹೋದರೆ ಮುರಿಯುತ್ತದೆ. ಸಾಲುಗಳ ನಡುವೆ ಹಳೆಯ ಎಟಿಎಂ ಕಾರ್ಡಿನ ಅಂಚು ಹಾಯಿಸಿ ನೋಡಿದಾಗ ಎಲ್ಲೂ ತಡೆಯಲಿಲ್ಲ.

ಇನ್ನೊಂದು ಸಂಗತಿ: ಹಳೆಯ ರೈತ್ ಸ್ಟೆಲ್ತ್ ಕೂಲರಿನ ನಾಲ್ಕು ಸ್ಕ್ರೂಗಳೇ ಬೋರ್ಡಿನ ಹಿಂದಿನ ಲೋಹದ ತಟ್ಟೆಯನ್ನು ಹಿಡಿದಿರುತ್ತವೆ. ಕ್ಯಾಬಿನೆಟ್ ನಿಲ್ಲಿಸಿಕೊಂಡು ಬಿಚ್ಚಿದರೆ ತಟ್ಟೆ ಹಿಂದೆ ಬಿದ್ದುಹೋಗುತ್ತದೆ. ಮಲಗಿಸಿಕೊಂಡು, ಹಿಂದಿನಿಂದ ಕೈ ಕೊಟ್ಟು ಬಿಚ್ಚಿ.

7. ಹೊಸದನ್ನು ಕೂರಿಸಿದ್ದು

ತ್ರಿಕೋನದ ಗುರುತು ಹೊಂದಿಸಿ ಇಟ್ಟರೆ ತನ್ನ ಭಾರಕ್ಕೇ ಕೂರುತ್ತದೆ. ಒತ್ತಬಾರದು. ಸಣ್ಣ ಬಟಾಣಿಯಷ್ಟು ಪೇಸ್ಟ್, ಹಳೆಯ ಕೂಲರ್, ಕರ್ಣ ರೇಖೆಯಂತೆ ಎದುರುಬದುರು ಸ್ಕ್ರೂಗಳು.

ಆನ್ ಮಾಡಿದ ಮೇಲೆ ಒಂದು ನಿಮಿಷದಷ್ಟು ಹೊತ್ತು ಪರದೆ ಕಪ್ಪಾಗಿಯೇ ಇತ್ತು. ಮೆಮೊರಿಯನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತಿರುತ್ತದೆ, ಗಾಬರಿಯಿಂದ ಬಟನ್ ಒತ್ತಬಾರದು. ಆಮೇಲೆ ಹೊಸ ಪ್ರೊಸೆಸರ್ ಸಿಕ್ಕಿದೆ, ಹಳೆಯ ಎಫ್‌ಟಿಪಿಎಂ ಅಳಿಸಲು ವೈ, ಉಳಿಸಲು ಎನ್ ಒತ್ತಿ ಎಂಬ ಸಂದೇಶ. ಕೀಲಿ ಬರೆದಿಟ್ಟುಕೊಂಡದ್ದು ಇದಕ್ಕೇ. ವೈ ಒತ್ತಿದೆ. ವಿಂಡೋಸ್ ನೇರವಾಗಿ ಬಂತು, ಮತ್ತೆ ಇನ್‌ಸ್ಟಾಲ್ ಮಾಡುವ ಅಗತ್ಯ ಬೀಳಲಿಲ್ಲ. ಎಕ್ಸ್‌ಎಂಪಿ ಚಾಲೂ ಮಾಡಿ 3200ಕ್ಕೆ ಇಟ್ಟೆ. 2600 ಒಪ್ಪದಿದ್ದ ಅದೇ ಸ್ಟಿಕ್‌ಗಳು ಇಲ್ಲಿ ಒಂದು ಮಾತೂ ಆಡದೆ ಓಡಿದವು.

8. ಬಿಸಿ

ಸಂಜೆ ಕೋಣೆಯಲ್ಲಿ 36 ಡಿಗ್ರಿ. ಆಟ ಶುರುವಾಗಿ ಕೆಲವೇ ನಿಮಿಷಕ್ಕೆ ಪ್ರೊಸೆಸರ್ 90 ಮುಟ್ಟಿತು. ಈ ಮಾದರಿಗೆ ನಿಗದಿಯಾದ ಮಿತಿಯೇ 90. ಅಲ್ಲಿಂದ ಮುಂದೆ ತಾನೇ ವೇಗ ಇಳಿಸಿಕೊಳ್ಳುತ್ತದೆ. 4 ಗಿಗಾಹರ್ಟ್ಸ್ ಇದ್ದದ್ದು 3.6ರ ಹತ್ತಿರ ಬಂತು, ಫ್ಯಾನಿನ ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು. ಹಾಗೆಂದು ಇದು ಕರೆಂಟ್ ಹೆಚ್ಚು ಕುಡಿಯುವ ಪ್ರೊಸೆಸರ್ ಅಲ್ಲ. ಡಬ್ಬಿಯ ಮೇಲೆ 105 ವಾಟ್ ಎಂದಿದ್ದರೂ ಆಟದಲ್ಲಿ ನಾನು ಕಂಡದ್ದು 60ರ ಆಸುಪಾಸು. ತೊಂದರೆ ಬೇರೆ: ಹೆಚ್ಚುವರಿ 64 ಎಂಬಿ ಕ್ಯಾಶ್ ಇರುವ ಪದರ ಪ್ರೊಸೆಸರಿನ ಮೇಲ್ಗಡೆ ಅಂಟಿಸಿದ್ದು, ಬಿಸಿ ಅದನ್ನು ದಾಟಿ ಹೊರಗೆ ಬರಬೇಕು. 2024ರ 9800ಎಕ್ಸ್3ಡಿಯಲ್ಲಿ ಎಎಂಡಿ ಆ ಪದರವನ್ನು ಕೆಳಗೆ ಹಾಕಿ ಇದನ್ನು ಸರಿಪಡಿಸಿತು.

ಕೂಲರಿನಲ್ಲಿ ದುಡ್ಡು ಉಳಿಸುವ ಪ್ರಯತ್ನ ಅಲ್ಲಿಗೆ ಮುಗಿಯಿತು. ಬೆಂಗಳೂರಿನ ಹವೆಯಲ್ಲಿ ಅದು ಹೇಗೋ ನಡೆಯುತ್ತಿತ್ತೋ ಏನೋ, ಇಲ್ಲಿ ನಡೆಯಲಿಲ್ಲ. 120 ಮಿಲಿಮೀಟರ್ ಫ್ಯಾನ್, ನಾಲ್ಕು ಹೀಟ್‌ಪೈಪ್ ಇರುವ ಟವರ್ ಕೂಲರ್ ತರಿಸಬೇಕಾಯಿತು. ತರಿಸುವ ಮೊದಲು ಪ್ರೊಸೆಸರಿನ ಮೇಲ್ಮೈಯಿಂದ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲಿನ ತನಕ ಸ್ಕೇಲ್ ಇಟ್ಟೆ: 156 ಮಿಲಿಮೀಟರ್. ಜನಪ್ರಿಯ ಟವರ್‌ಗಳಲ್ಲಿ ಕೆಲವು 158, 159 ಇವೆ, ಬಾಗಿಲು ಮುಚ್ಚುವುದಿಲ್ಲ. 150 ಎತ್ತರದ್ದನ್ನು 1,950ಕ್ಕೆ ತರಿಸಿದೆ. ಮೆಮೊರಿಯ ಮೊದಲ ಸ್ಲಾಟ್ ಮೇಲೆ ಫ್ಯಾನ್ ಬಾಗಿ ನಿಲ್ಲುತ್ತದೆ. ನಮ್ಮ ಸ್ಟಿಕ್ ಎರಡನೆಯದರಲ್ಲಿರುವುದರಿಂದ ತೊಡಕಾಗಲಿಲ್ಲ.

ಈ ಸಲ ಪ್ರೊಸೆಸರ್ ಬಿಸಿ ಇರುವಾಗಲೇ ಹಳೆಯ ಕೂಲರ್ ತಿರುಚಿ ತೆಗೆದೆ. ಊಟ ಆಮೇಲೆ. ಅದೇ 36 ಡಿಗ್ರಿಯ ಕೋಣೆಯಲ್ಲಿ, ಅದೇ ಆಟದಲ್ಲಿ 75–76 ಡಿಗ್ರಿ, ವೇಗ 4 ಗಿಗಾಹರ್ಟ್ಸ್‌ನ ಮೇಲೆಯೇ. ಇದರ ವೇಗವನ್ನು ಕೈಯಾರೆ ಏರಿಸಲು ಬರುವುದಿಲ್ಲ, ಬೀಗ ಹಾಕಿದ್ದಾರೆ.

9. ಮತ್ತೆ ಅದೇ ಬೀದಿ

ಕೆಳಪೇಟೆ, 1080ಪಿ: ಸರಾಸರಿ 74, ಶೇ 1ರ ಕನಿಷ್ಠ 58. ಮೊದಲಿನ ಸರಾಸರಿಗಿಂತ ಈಗಿನ ಕನಿಷ್ಠವೇ ಮೇಲಿದೆ. ಗ್ರಾಫಿಕ್ಸ್ ಕಾರ್ಡ್ ಶೇ 97–98. 720ಪಿಯಲ್ಲಿ ನಡೆಸಿದಾಗ 95ರ ಸುತ್ತ. ಅಂದರೆ 46 ಇದ್ದ ಮಾಳಿಗೆ ಎರಡರಷ್ಟು ಎತ್ತರವಾಯಿತು. ಮುಂದೆ ಬರುವ ಕಾರ್ಡಿಗೆ ಇಪ್ಪತ್ತು ಫ್ರೇಮ್ ಜಾಗ ಉಳಿದಿದೆ.

ಕೌಂಟರ್-ಸ್ಟ್ರೈಕ್ 2ರಲ್ಲಿ ಹೊಗೆ ಬಾಂಬು ಬಿದ್ದಾಗ 80ಕ್ಕೆ ಕುಸಿಯುತ್ತಿದ್ದದ್ದು ಈಗ 144ರ ಕೆಳಗೆ ಅಪರೂಪಕ್ಕೆ ಇಳಿಯುತ್ತದೆ. ಹುಡುಗನಿಗೆ ಸಂತೋಷವಾದದ್ದು ಇದಕ್ಕೆ.

ಸೈಬರ್‌ಪಂಕ್ 2077ರಲ್ಲಿ ಮಾತ್ರ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಸರಾಸರಿ ಐದಾರು ಫ್ರೇಮ್ ಹೆಚ್ಚಿತು ಅಷ್ಟೇ. ಅಲ್ಲಿ ಮೊದಲಿನಿಂದಲೂ ಕಾರ್ಡೇ ಪೂರ್ತಿ ದುಡಿಯುತ್ತಿತ್ತು. 1440ಪಿ, 4ಕೆ ಪರದೆಯಲ್ಲಿ ಇಂಥ ಆಟಗಳನ್ನೇ ಆಡುವವರು ಪ್ರೊಸೆಸರಿಗೆ ಇಪ್ಪತ್ತು ಸಾವಿರ ಹಾಕುವ ಮೊದಲು 1ನೇ ಹಂತದ ಪರೀಕ್ಷೆ ಮಾಡಿ ನೋಡಬೇಕು. ಕಾರ್ಡ್ ಶೇ 95ರ ಮೇಲಿದ್ದರೆ ತಪ್ಪು ಪ್ರೊಸೆಸರಿನದಲ್ಲ.

10. ನಿರೀಕ್ಷಿಸದ ಖರ್ಚು, ಒಟ್ಟು ಲೆಕ್ಕ

ಕರೆಂಟ್ ಹೋದ ಕೂಡಲೇ ಯುಪಿಎಸ್ ಉದ್ದಕ್ಕೆ ಕೂಗಿ ಯಂತ್ರ ಆರಿಹೋಗತೊಡಗಿತು. ಹಿಂದೆ ಹಾಗಾಗುತ್ತಿರಲಿಲ್ಲ. ಪ್ಲಗ್‌ಗೆ ವಾಟ್ ಮೀಟರ್ ಹಾಕಿ ನೋಡಿದರೆ ಆಟದ ನಡುವೆ ಮಾನಿಟರ್ ಸೇರಿ 320ರ ಸುತ್ತ, ಮೊದಲು 250ರಷ್ಟಿತ್ತು. ಹೊಸ ಪ್ರೊಸೆಸರ್ ಹೆಚ್ಚು ಎಳೆಯುತ್ತಿದೆಯೇ ಎಂದು ಅನುಮಾನಿಸಿದೆ, ಅಲ್ಲ. ಇಷ್ಟು ವರ್ಷ ಶೇ 60ರಲ್ಲಿ ಸುಮ್ಮನೆ ಕುಳಿತಿದ್ದ ಗ್ರಾಫಿಕ್ಸ್ ಕಾರ್ಡ್ ಈಗ ತನ್ನ ಪೂರ್ತಿ 170 ವಾಟ್ ತಿನ್ನುತ್ತಿದೆ. 600 ವಿಎ ಯುಪಿಎಸ್ ಎಂದರೆ 360 ವಾಟ್, ಅದೂ ಬ್ಯಾಟರಿ ಹೊಸದಿದ್ದಾಗ. 1000 ವಿಎಯದಕ್ಕೆ 4,600 ಆಯಿತು. ಎಸ್‌ಎಂಪಿಎಸ್‌ಗೆ ಇನ್ನೂ ಸಾಕಷ್ಟು ಜಾಗವಿದೆ.

ಲೆಕ್ಕ: ಪ್ರೊಸೆಸರ್ 20,800, ಮೆಮೊರಿ 5,300, ಕೂಲರ್ 1,950, ಪೇಸ್ಟ್ ಇತ್ಯಾದಿ 550, ಯುಪಿಎಸ್ 4,600. ಒಟ್ಟು 33,200. ಹುಡುಗ ಕೇಳಿದ್ದ ಕಾರ್ಡಿನ ಬೆಲೆಗಿಂತ ಸ್ವಲ್ಪವೇ ಕಡಿಮೆ. ಅದೇ ವರ್ಷದ ಕೊನೆಗೆ ಮೆಮೊರಿ ಬೆಲೆ ವಿಪರೀತ ಏರಿದಾಗ, ಡಿಡಿಆರ್5 ಕೊಳ್ಳದೆ ಉಳಿದದ್ದು ಜಾಣತನದಂತೆ ಕಂಡಿತು. ಜಾಣತನವಲ್ಲ, ಏಪ್ರಿಲ್‌ನಲ್ಲಿ ಅದನ್ನು ನಾನು ಊಹಿಸಿರಲಿಲ್ಲ.

2600 ಅಕ್ಕನ ಮನೆಯ ಎ320 ಬೋರ್ಡಿಗೆ ಹೋಯಿತು. ನೇರ ಮಾಡಿದ ಪಿನ್‌ಗಳು ಕೈಕೊಡಲಿಲ್ಲ. ಆದರೆ ಅಲ್ಲಿದ್ದ 2200ಜಿಯಲ್ಲಿ ಗ್ರಾಫಿಕ್ಸ್ ಒಳಗೇ ಇತ್ತು, 2600ರಲ್ಲಿ ಇಲ್ಲ; ಹಾಗಾಗಿ ಅಟ್ಟದಲ್ಲಿದ್ದ ಜಿಟಿಎಕ್ಸ್ 1650 ಕೂಡ ಅದರ ಹಿಂದೆ ಹೋಗಬೇಕಾಯಿತು.

ಮುಂದಿನ ಕಾರ್ಡ್ ಕೊಳ್ಳುವಾಗ ನೋಡಬೇಕಾದದ್ದನ್ನು ಕ್ಯಾಬಿನೆಟ್ಟಿನ ಒಳಬಾಗಿಲಿಗೆ ಚೀಟಿ ಅಂಟಿಸಿ ಬರೆದಿಟ್ಟಿದ್ದೇನೆ: ಬೋರ್ಡಿನಿಂದ ಕಾರ್ಡಿಗೆ ದತ್ತಾಂಶ ಹೋಗುವ ದಾರಿ ಹಳೆಯ, ನಿಧಾನವಾದ ಪಿಸಿಐಇ 3.0, ಆದ್ದರಿಂದ ಆ ದಾರಿಯ 16 ಲೇನ್ (ಸಾಲು) ಬಳಸುವ ಕಾರ್ಡ್ ಮಾತ್ರ; ಆರ್‌ಟಿಎಕ್ಸ್ 4060ರಂಥ 8 ಲೇನ್‌ನದು, ಅದರಲ್ಲೂ 8 ಜಿಬಿಯದು ಬೇಡ.